ಹತ್ತು ಬೈ ಹನ್ನೆರಡರ ಕೋಣೆ, ಆರು ಮಕ್ಕಳು

ಅಕ್ಕಪಕ್ಕದ ಮನೆಯ ಪುಟ್ಟ ಮಕ್ಕಳನ್ನು ತಮ್ಮ ಮನೆಯಲ್ಲೇ ನೋಡಿಕೊಳ್ಳುವವರು ಕೇಳಿದ ಪ್ರಶ್ನೆಗಳು ಈ ಸಲದ ಅಂಕಣದ ತುಂಬ ಇವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಾಡಿಗೆ ಮನೆಯ ಒಂದು ಕೋಣೆಯನ್ನು (10×12 ಅಡಿ) ಮಕ್ಕಳ ಆಟಕ್ಕೇ ಬಿಡುತ್ತಿದ್ದೇನೆ. ಮುಂದಿನ ತಿಂಗಳಿಂದ ಆರು ಮಕ್ಕಳು ಬರುತ್ತಾರೆ. ತೀರಾ ಚಿಕ್ಕದಕ್ಕೆ 9 ತಿಂಗಳು, ದೊಡ್ಡದಕ್ಕೆ 4 ವರ್ಷ. ಕೈಯಲ್ಲಿ 25 ಸಾವಿರ ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ? — ಗೃಹಿಣಿ, ಮೈಸೂರು

ಆಟಿಕೆ ಅಂಗಡಿಗೆ ಹೋಗುವುದು ಕಟ್ಟಕಡೆಯ ಕೆಲಸ. ಮೊದಲು ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಗುಡಿಸಿ, ನೆಲದ ಮೇಲೆ ಬೋರಲು ಮಲಗಿ ಸುತ್ತ ನೋಡಿ. ನಗುವವರು ನಗಲಿ. ಅಂಬೆಗಾಲಿಡುವ ಕೂಸಿನ ಕಣ್ಣು ನೆಲದಿಂದ ಹೆಚ್ಚೆಂದರೆ ಒಂದಡಿ ಮೇಲಿರುತ್ತದೆ. ನಿಂತಾಗ ಕಾಣದ ಪ್ಲಗ್ ಪಾಯಿಂಟು, ಬಾಗಿಲ ಸಂದಿಗೆ ಸೇರಿದ ಗುಂಡುಪಿನ್ನು, ಗೋಡೆಯಂಚಿನ ಟೈಲಿನ ಒಡೆದ ಚೂಪು ಮೂಲೆ ಎಲ್ಲ ಅಲ್ಲಿಂದ ಕಾಣುತ್ತವೆ. ಕಂಡದ್ದನ್ನು ಬರೆದುಕೊಳ್ಳಿ. ನಿಮ್ಮ ಹಣದಲ್ಲಿ ಅರ್ಧ ಆ ಪಟ್ಟಿಗೆ ಹೋಗಬೇಕು.

ಕರೆಂಟಿನಿಂದ ಶುರು ಮಾಡಿ. ಸ್ವಿಚ್ಚುಗಳ ಮುಖ್ಯ ಪೆಟ್ಟಿಗೆಯಲ್ಲಿ, ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ ಆರ್‌ಸಿಸಿಬಿ ಇದೆಯೇ, ಅದರ ಮೇಲೆ 30 ಮಿಲಿ ಆಂಪಿಯರ್ ಎಂದಿದೆಯೇ ನೋಡಿ. 100, 300 ಎಂದು ಬರೆದದ್ದು ಮೈಗೆ ಹೊಡೆಯುವ ಶಾಕ್ ತಡೆಯಲು ಸಾಲದು. ಅದರಲ್ಲಿರುವ 'ಟಿ' ಗುಂಡಿ ಒತ್ತಿದ ಕೂಡಲೇ ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ ಒತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕೆಳಗಿನ ಸಾಕೆಟ್ಟುಗಳನ್ನು ಒಳಗೆ ಶಟರ್ (ಪ್ಲಗ್ ಸಿಕ್ಕಿಸಿದಾಗ ಮಾತ್ರ ಸರಿಯುವ ತಡೆ) ಇರುವಂಥವಕ್ಕೆ ಬದಲಾಯಿಸಿ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮುಚ್ಚಳಗಳನ್ನು ನಾವು ಹೇಳುವುದಿಲ್ಲ: ಎರಡು ವರ್ಷದ ಮಗು ಅದನ್ನು ಕೀಳಲು ಕಲಿತ ದಿನ ಅದೇ ಗಂಟಲಿಗೆ ಸಿಕ್ಕುವ ವಸ್ತುವಾಗುತ್ತದೆ. ಸೊಳ್ಳೆ ಓಡಿಸುವ ಲಿಕ್ವಿಡ್ ಬಾಟಲಿಯನ್ನು ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮರೆಯುವ ಮನೆಗಳು ಬಹಳ. ಅದನ್ನು ಕೋಣೆಯಿಂದಲೇ ತೆಗೆದು ಕಿಟಕಿಗೆ ಜಾಲರಿ ಹಾಕಿಸಿ.

ಕಿಟಕಿಯ ಸರಳುಗಳ ನಡುವಿನ ಸಂದು 4 ಇಂಚಿಗಿಂತ ಕಡಿಮೆ ಇರಬೇಕು. ಅಡ್ಡ ಪಟ್ಟಿಗಳ ಗ್ರಿಲ್ ಆದರೆ ಅದು ಮಕ್ಕಳ ಪಾಲಿಗೆ ಏಣಿ. ಅದರ ಕೆಳಗೆ ಮಂಚ, ಸೋಫಾ, ಕುರ್ಚಿ ಯಾವುದೂ ಮೂರಡಿಯೊಳಗೆ ಬೇಡ. ಪರದೆಯ ದಾರ ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದ ತೂಗಬಾರದು. ಬಾಗಿಲಿನ ಕೀಲಿನ ಕಡೆ ಬೆರಳು ಸಿಕ್ಕುವುದೇ ಹೆಚ್ಚು, ಚಿಲಕದ ಕಡೆಯಲ್ಲ. ಬಾಗಿಲು ಪೂರ್ತಿ ಮುಚ್ಚದಂತೆ ಮೇಲಂಚಿಗೆ ದಪ್ಪ ಟವೆಲ್ ಮಡಚಿ ಹೊದಿಸಿದರೂ ಸಾಕು. ಬಚ್ಚಲುಮನೆಗೆ ಹೊರಗಿನಿಂದ, 5 ಅಡಿ ಎತ್ತರದಲ್ಲಿ ಒಂದು ಅಗುಳಿ ಹಾಕಿಸಿ. ಒಳಗಿನ ಕೆಳ ಚಿಲಕ ಬಿಚ್ಚಿಸಿಬಿಡಿ, ಮಗು ಒಳಗೆ ಹೋಗಿ ಹಾಕಿಕೊಂಡರೆ ಬಾಗಿಲು ಒಡೆಯಬೇಕಾಗುತ್ತದೆ. ಬಕೆಟ್ಟಿನಲ್ಲಿ ನೀರು ತುಂಬಿಡುವುದು ನಮ್ಮ ಎಲ್ಲ ಮನೆಗಳ ರೂಢಿ. ಆಗಷ್ಟೇ ನಿಲ್ಲಲು ಕಲಿತ ಮಗುವಿಗೆ ತಲೆಯೇ ಭಾರ. ಬಗ್ಗಿ ಒಳಗೆ ಬಿದ್ದರೆ ಎದ್ದುಕೊಳ್ಳಲು ಆಗುವುದಿಲ್ಲ, ಕೆಲವೇ ಇಂಚು ನೀರು ಸಾಕು. ಮಕ್ಕಳಿರುವ ಹೊತ್ತಿನಲ್ಲಿ ಬಕೆಟ್ಟು ಖಾಲಿ, ಬೋರಲು. ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ.

ಇನ್ನು ಜಾಗದ ಲೆಕ್ಕ. ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿಯ ನಂತರ ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 2018ರಲ್ಲಿ ಶಿಶುವಿಹಾರಗಳಿಗೆ ಕೊಟ್ಟ ಮಾರ್ಗಸೂಚಿ ಮಗುವೊಂದಕ್ಕೆ ಕನಿಷ್ಠ 10ರಿಂದ 12 ಚದರಡಿ ಹೇಳುತ್ತದೆ. ಆ ಲೆಕ್ಕದಲ್ಲಿ ನಿಮ್ಮ 120 ಚದರಡಿಗೆ ಹತ್ತು ಮಕ್ಕಳು ಹಿಡಿಸಬೇಕು. ಆದರೆ ಬಾಗಿಲು ತಿರುಗುವ ಜಾಗ 9, ಗೂಡುಗಳಿಗೆ 8, ನೀವು ಕೂರುವುದಕ್ಕೆ 6 ಕಳೆಯಿರಿ, ಉಳಿಯುವುದು 97. ಆರು ಮಕ್ಕಳಿಗೆ ತಲಾ 16. ಇದು ಒಪ್ಪುವ ಸಂಖ್ಯೆ, ಏಳನೆಯದನ್ನು ಒಪ್ಪಿಕೊಳ್ಳಬೇಡಿ. ಒಬ್ಬರೇ ಇದ್ದರೆ, ನಡೆಯಲು ಬಾರದ ಮಕ್ಕಳು ಎರಡಕ್ಕಿಂತ ಹೆಚ್ಚು ಬೇಡವೇ ಬೇಡ. ಕಾರಣ ಸರಳ: ಹೊಗೆ ತುಂಬಿದರೆ ಎರಡು ಕೈಗೆ ಎರಡೇ ಕೂಸು ಸಿಗುವುದು.

ಕೋಣೆ ಜೋಡಿಸುವಾಗ ಒಂದೇ ಸೂತ್ರ: ನೀವು ನೆಲದ ಮೇಲೆ ಕೂತಲ್ಲಿಂದ ನಾಲ್ಕೂ ಮೂಲೆ ಕಾಣಬೇಕು. ಹಾಗಾಗಿ ನಡುವೆ ಇಡುವ ಯಾವ ಗೂಡೂ 2 ಅಡಿಗಿಂತ ಎತ್ತರ ಇರಬಾರದು. ಬಾಗಿಲಿಗೆ ಎದುರಿನ ಮೂಲೆಯಲ್ಲಿ 4×5 ಅಡಿ ಜಾಗವನ್ನು, ಹಿಂಬದಿ ಮುಚ್ಚಿದ ಇಂಥ ಎರಡು ಗೂಡು ಅಡ್ಡ ಇಟ್ಟು, ಅಂಬೆಗಾಲಿನವರಿಗೆ ಬಿಡಿ. ಅವರ ಬೆರಳ ಮೇಲೆ ನಾಲ್ಕು ವರ್ಷದವ ಓಡಿಹೋಗುವುದು ತಪ್ಪುತ್ತದೆ. ಅಲ್ಲಿಗೆ ಪುಟ್ಟ ಗೇಟು ಇಡುವುದಾದರೆ ಕಂಬಿಗಳ ಸಂದು 6 ಸೆಂ.ಮೀ. ಮೀರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ಬಾಗಿಲ ಹತ್ತಿರದ 3 ಅಡಿ ಪಟ್ಟಿಯನ್ನು ಬರಿ ನೆಲವಾಗಿಯೇ ಉಳಿಸಿ. ಬಣ್ಣ, ನೀರು, ತಿಂಡಿ ಎಲ್ಲ ಅಲ್ಲೇ, ಒರೆಸಿದರೆ ಮುಗಿಯಿತು. ಕುರ್ಚಿ ಮೇಜಿನ ಸೆಟ್ಟು ಕೊಳ್ಳುವ ಬದಲು 9ರಿಂದ 10 ಇಂಚು ಎತ್ತರದ ಒಂದು ಹಲಗೆ ಮಾಡಿಸಿ, ಮಕ್ಕಳು ನೆಲದಲ್ಲೇ ಚಕ್ಕಳಮಕ್ಕಳ ಕೂರಲಿ. ಕುರ್ಚಿಯೇ ಬೇಕೆಂದರೆ ಎರಡು ಮೂರು ವರ್ಷದವರಿಗೆ ಕೂರುವ ಎತ್ತರ 9–10 ಇಂಚು, ಮೇಜು 17–18 ಇಂಚು. ಪಾದ ನೆಲಕ್ಕೆ ಪೂರ್ತಿ ತಾಗಬೇಕು. ತಾಗದಿದ್ದರೆ ಮಗು ಐದು ನಿಮಿಷವೂ ಕೂರುವುದಿಲ್ಲ, ಬೈಸಿಕೊಳ್ಳುವುದು ಮಾತ್ರ ಮಗು.

ಈಗ ಆಟಿಕೆ. ಆರು ಮಕ್ಕಳಿಗೆ ಮರದ ಚೌಕ ತುಂಡುಗಳು 60ರಿಂದ 80, ಐದಿಂಚಿಗಿಂತ ದೊಡ್ಡ ಮೆತ್ತನೆ ಚೆಂಡು ಮೂರು, ಬಟ್ಟೆಗೊಂಬೆ ಮೂರು, ಪೇರಿಸುವ ಬಳೆಗಂಬ ಎರಡು, ಆಕಾರ ತೂರಿಸುವ ಡಬ್ಬ ಒಂದು, ತಳ್ಳುಗಾಡಿ ಒಂದು, ದಪ್ಪ ರಟ್ಟಿನ ಪುಸ್ತಕ ಹತ್ತು, ದಪ್ಪ ಕ್ರೇಯಾನ್ ಒಂದು ಡಜನ್. ಉಳಿದದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ: ಸ್ಟೀಲ್ ಡಬ್ಬಿ, ಮುಚ್ಚಳ, ಸೌಟು, ಲೋಟ, ಜರಡಿ, ಹಳೇ ದುಪ್ಪಟ್ಟ. ಒಂದು ಹೊತ್ತಿಗೆ ಗೂಡಿನಲ್ಲಿ ಎಂಟು ಹತ್ತು ಬಗೆ ಮಾತ್ರ ಇಡಿ, ಬಾಕಿ ಅಟ್ಟಕ್ಕೆ. ಸೋಮವಾರಕ್ಕೊಮ್ಮೆ ಮೂರು ಇಳಿಸಿ ಮೂರು ಏರಿಸಿ. ಎಲ್ಲವನ್ನೂ ದೊಡ್ಡ ಬುಟ್ಟಿಗೆ ಸುರಿದಿಟ್ಟರೆ ಮಕ್ಕಳು ಬುಟ್ಟಿ ಬೋರಲು ಹಾಕುವ ಆಟ ಒಂದನ್ನೇ ಆಡುತ್ತಾರೆ.

ಪ್ರಶ್ನೆ: ಆಟಿಕೆ ಗೂಡನ್ನು ಗೋಡೆಗೆ ಬಿಗಿಸಿದ್ದೆ, ಎರಡೇ ತಿಂಗಳಿಗೆ ಸ್ಕ್ರೂ ಗಾರೆ ಸಮೇತ ಕಿತ್ತು ಬಂತು. ಬಡಗಿಯ ತಪ್ಪೋ ಗೋಡೆಯ ತಪ್ಪೋ? — ಬೆಂಗಳೂರು

ಸ್ಕ್ರೂವಿನ ಉದ್ದದ ತಪ್ಪು. ನಮ್ಮ ಗೋಡೆಗಳ ಗಾರೆಯೇ ಅರ್ಧದಿಂದ ಮುಕ್ಕಾಲು ಇಂಚು ಇರುತ್ತದೆ. ಒಂದಿಂಚಿನ ಸ್ಕ್ರೂ ಹಾಕಿದರೆ ಇಟ್ಟಿಗೆಯೊಳಗೆ ಅದು ಹೋಗುವುದು ಹೆಚ್ಚೆಂದರೆ ಕಾಲರ್ಧ ಇಂಚು, ಉಳಿದದ್ದು ಗಾರೆಯಲ್ಲೇ ನೇತಾಡುತ್ತಿರುತ್ತದೆ. ಮೂರು ವರ್ಷದ ಮಗು ಕೆಳಗಿನ ಅರೆಗೆ ಕಾಲಿಟ್ಟು ಮೇಲಿನದನ್ನು ಹಿಡಿದು ಜೋತರೆ 14–15 ಕೆ.ಜಿ. ಭಾರ ಗೂಡಿನ ಮುಂಭಾಗಕ್ಕೆ ಬೀಳುತ್ತದೆ, ಎಳೆತವೆಲ್ಲ ಆ ಒಂದು ಸ್ಕ್ರೂ ಮೇಲೆ.

8 ಮಿ.ಮೀ. ಡ್ರಿಲ್, 8 ಮಿ.ಮೀ. ನೈಲಾನ್ ಪ್ಲಗ್, ಎರಡೂವರೆಯಿಂದ ಮೂರಿಂಚಿನ ಸ್ಕ್ರೂ ತೆಗೆದುಕೊಳ್ಳಿ. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ಊದಿ ತೆಗೆಯಬೇಕು, ಪುಡಿ ಉಳಿದರೆ ಪ್ಲಗ್ ಕಚ್ಚುವುದಿಲ್ಲ. ಪ್ಲಗ್ ಗಾರೆ ದಾಟಿ ಇಟ್ಟಿಗೆಯೊಳಗೆ ಪೂರ್ತಿ ಕೂರಲಿ. ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಡ್ರಿಲ್ ಒಂದೂವರೆ ಇಂಚಿನ ಸುಮಾರಿಗೆ ತಟಕ್ಕನೆ ಒಳಗೆ ನುಗ್ಗುತ್ತದೆ, ಪ್ಲಗ್ ಅಲ್ಲಿ ಸುಮ್ಮನೆ ಸುತ್ತುತ್ತದೆ. ಅಲ್ಲಿ ರೆಕ್ಕೆ ಬಿಚ್ಚಿಕೊಳ್ಳುವ ಚಿಟ್ಟೆ ಪ್ಲಗ್ಗೇ ಬೇಕು. ಹೊಸ ಅಪಾರ್ಟ್‌ಮೆಂಟುಗಳ ಹಗುರ ಬಿಳಿ ಬ್ಲಾಕಿಗೆ ಬೇರೆಯದೇ ಪ್ಲಗ್ ಬರುತ್ತದೆ, ಅಂಗಡಿಯಲ್ಲಿ 'ಎಎಸಿ ಬ್ಲಾಕಿಗೆ' ಎಂದೇ ಕೇಳಿ.

ಗೂಡಿನ ಕಡೆಯೂ ಒಂದು ತಪ್ಪು ನಡೆಯುತ್ತದೆ. ಎಲ್ ಪಟ್ಟಿಯನ್ನು ಹಿಂಬದಿಯ ತೆಳು ಪ್ಲೈಗೆ ಹೊಡೆದಿರುತ್ತಾರೆ, ಅದು ಕಾಗದದ ಹಾಗೆ ಹರಿಯುತ್ತದೆ. ಮೇಲಿನ ಹಲಗೆಗೆ, ಎರಡೂ ಕೊನೆಯಲ್ಲಿ ಒಂದೊಂದು ಪಟ್ಟಿ ಹಾಕಿಸಿ. ಮುಗಿದ ಮೇಲೆ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಜೋರಾಗಿ ಎಳೆಯಿರಿ. ಅಲುಗಿದರೆ ಬಡಗಿಗೆ ದುಡ್ಡು ಕೊಡುವುದು ನಾಳೆಗಿರಲಿ. ಮನೆ ಮಾಲೀಕರು ಗೋಡೆಗೆ ಮೊಳೆ ಮುಟ್ಟಿಸಲೇಬಾರದು ಎನ್ನುವವರಾದರೆ 2 ಅಡಿಗಿಂತ ಎತ್ತರವಿಲ್ಲದ, 15 ಇಂಚಾದರೂ ಆಳದ ಗೂಡು ಮಾತ್ರ ಇಟ್ಟು, ಮರದ ತುಂಡು, ಪುಸ್ತಕದಂಥ ಭಾರವೆಲ್ಲ ತಳಕ್ಕೆ ಹಾಕಿ. ಸ್ಟೀಲ್ ಬೀರು, ಟಿವಿ ಸ್ಟ್ಯಾಂಡು ಆ ಕೋಣೆಯಲ್ಲಿ ಇರಲೇಬಾರದು.

ಪ್ರಶ್ನೆ: ನಮ್ಮದು ಹಳೇ ಕಾಲದ ಮನೆ. ಕಲ್ಲಿನ ನೆಲ, ಹಲವು ಸಲ ಪೇಂಟ್ ಹೊಡೆದ ಕಿಟಕಿ. ಆನ್‌ಲೈನಿನಲ್ಲಿ ತರಿಸಿದ ಫೋಮ್ ಚಾಪೆ ವಾಸನೆ ಹೊಡೆಯುತ್ತಿದೆ. ಹಾಕಬಹುದೇ? — ಧಾರವಾಡ

ವಾಸನೆ ಇರುವವರೆಗೆ ಬೇಡ. ಜೋಡಿಸುವ ಫೋಮ್ ಚಾಪೆಗಳಲ್ಲಿ ಫಾರ್ಮಮೈಡ್ ಎಂಬ ರಾಸಾಯನಿಕ ಉಳಿದಿರುವ ಸಂದರ್ಭವಿದೆ. ಇದೇ ಕಾರಣಕ್ಕೆ 2010ರಲ್ಲಿ ಬೆಲ್ಜಿಯಂ ಅಂಥ ಚಾಪೆಗಳ ಮಾರಾಟವನ್ನೇ ತಡೆದಿತ್ತು. ತುಂಡುಗಳನ್ನು ಬಿಡಿಬಿಡಿಯಾಗಿ, ಗಾಳಿಯಾಡುವ ನೆರಳಿನಲ್ಲಿ, ಒಂದು ವಾರ ನಿಲ್ಲಿಸಿಡಿ. ಆಮೇಲೂ ಮೂಗಿಗೆ ಹಿಡಿಯುವಷ್ಟು ಬಂದರೆ ವಾಪಸು ಕಳಿಸಿ. ಹಾಕುವುದಾದರೆ ಅಕ್ಷರ, ಅಂಕಿ ಕಿತ್ತು ಬರುವ ಚಾಪೆ ಬೇಡ; ಅಂಚಿನ ಹಲ್ಲು ಹಲ್ಲಿನ ಪಟ್ಟಿಗಳನ್ನು ಗೋಡೆಗೆ ಒತ್ತಿ ಸೇರಿಸಿ. ಹಲ್ಲು ಬರುವ ಕೂಸು ಅದನ್ನೇ ಕಚ್ಚಿ ಚೂರು ತೆಗೆಯುವುದು. 2×2 ಅಡಿಯ ಎಂಟು ತುಂಡು, ಅಂದರೆ 32 ಚದರಡಿ, ಅಂಬೆಗಾಲಿನವರಿಗೆ ಸಾಕು. ವಾರಕ್ಕೊಮ್ಮೆ ಎತ್ತಿ ಅಡಿ ಒರೆಸದಿದ್ದರೆ ಕೆಳಗೆ ತೇವ ಕಟ್ಟಿ ಬೂಷ್ಟು ಬೆಳೆಯುತ್ತದೆ.

ನಿಮ್ಮ ಊರಲ್ಲಿದ್ದುಕೊಂಡು ಫೋಮಿಗೆ ಯಾಕೆ ಹೋಗಬೇಕು? ನಾಲ್ಕು ಪದರದ ಹಳೇ ಕೌದಿ, ಮೇಲೆ ನವಲಗುಂದದ ಜಮಖಾನ ಹಾಸಿದರೆ ಕೂತು ಆಡುವವರಿಗೆ ಹಿತ, ಒಗೆಯಲೂ ಬರುತ್ತದೆ. ಕಲ್ಲಿನ ನೆಲದ ಮೇಲೆ ಜಾರದಂತೆ ಅಡಿಗೆ ರಬ್ಬರ್ ಜಾಲರಿ ಹಾಕಿ. ಈಗ ತಾನೇ ನಡೆಯಲು ಕಲಿಯುವ ಮಗುವನ್ನು ಮಾತ್ರ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆಯೇ ಬಿಡಿ. ಮೆತ್ತೆ ಮೇಲೆ ಪಾದಕ್ಕೆ ಹಿಡಿತ ಸಿಗುವುದಿಲ್ಲ.

ನಮಗೆ ಹೆಚ್ಚು ಚಿಂತೆ ನಿಮ್ಮ ಕಿಟಕಿಯದು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಪದರಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಧಾರಾಳ ಇರಬಹುದು. ಸಿಪ್ಪೆ ಏಳದೆ ಗಟ್ಟಿ ಕೂತಿದ್ದರೆ ಅದರ ಮೇಲೆಯೇ ಹೊಸ ಪೇಂಟ್ ಹೊಡೆಸಿ, ಕೆದಕಬೇಡಿ. ಸಿಪ್ಪೆ ಏಳುತ್ತಿದ್ದರೆ ಒಣಗಿದ್ದಾಗ ಉಜ್ಜುಕಾಗದ ಹಾಕಿಸಲೇಬೇಡಿ, ಸೀಸದ ಧೂಳು ಮನೆಯೆಲ್ಲ ಕೂರುತ್ತದೆ. ನೀರು ಚಿಮುಕಿಸಿ ಒದ್ದೆಯಲ್ಲೇ ಕೆರೆಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಚೂರುಗಳನ್ನು ಸುತ್ತಿ ತೆಗೆಯಿರಿ, ಆ ವಾರ ಮಕ್ಕಳನ್ನು ಕರೆಸಬೇಡಿ. ಕಿಟಕಿ ಕಟ್ಟೆಯನ್ನು ಆಮೇಲೂ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ. ನಿಂತು ಹೊರಗೆ ನೋಡುವ ಮಗು ನಾಲಿಗೆ ಇಡುವ ಜಾಗ ಅದೇ.

ಪ್ರಶ್ನೆ: ಚನ್ನಪಟ್ಟಣದ ಗೊಂಬೆಗಳ ಮೇಲೆ ಐಎಸ್‌ಐ ಗುರುತು ಇಲ್ಲವಲ್ಲ, ಮಕ್ಕಳ ಕೈಗೆ ಕೊಡಬಹುದೇ? ಸ್ಯಾನಿಟೈಸರ್ ಹಚ್ಚಿ ಒರೆಸಿದರೆ ಅಂಟಂಟಾಗುತ್ತಿವೆ. — ಮಂಡ್ಯ

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರು ತಯಾರಿಸಿ ಮಾರುವ ಗೊಂಬೆಗಳಿಗೆ, ಭೌಗೋಳಿಕ ಗುರುತಿನ (ಜಿಐ, ಊರಿನ ಹೆಸರಿನ ಕಸುಬಿಗೆ ಸಿಗುವ ಮಾನ್ಯತೆ) ನೋಂದಾಯಿತ ಬಳಕೆದಾರರು ಮಾಡಿದವಕ್ಕೆ ಇದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ್ದು ಭೌಗೋಳಿಕ ಗುರುತು ಪಡೆದ ಕಸುಬು. ಹಾಗಾಗಿ ಗುರುತಿಲ್ಲ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಅದೇ ಪ್ಲಾಸ್ಟಿಕ್ ಆಟಿಕೆಯ ಮೇಲೆ ಗುರುತಿಲ್ಲದಿದ್ದರೆ ಮುಟ್ಟಬೇಡಿ. ಗುರುತಿನ ಕೆಳಗಿನ 'ಸಿಎಂ/ಎಲ್' ಸಂಖ್ಯೆಯನ್ನು, ಈ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಲೈಸೆನ್ಸು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ.

ಆದರೆ ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಯಲ್ಲಿ ತೂಗಿದ್ದೆಲ್ಲ ಚನ್ನಪಟ್ಟಣದ ಅರಗಿನ ಕೆಲಸವಲ್ಲ, ಎನಾಮೆಲ್ ಬಳಿದದ್ದೂ ಅವುಗಳ ನಡುವೆ ಇರುತ್ತದೆ. ಗುರುತಿಸುವ ದಾರಿ ನಿಮ್ಮ ಎರಡನೇ ಪ್ರಶ್ನೆಯಲ್ಲೇ ಇದೆ. ಕಡಸಲು ಯಂತ್ರದಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಅಂದರೆ ಮುಕ್ಕಾಲು ಪಾಲು ಸ್ಪಿರಿಟ್ಟೇ, ಅಂಟಾಗದೆ ಇನ್ನೇನು? ಗೊಂಬೆಯ ಅಡಿಭಾಗಕ್ಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಉಜ್ಜಿ ನೋಡಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಅರಗು. ಕಲ್ಲಿನಂತೆ ಕೂತಿದ್ದರೆ ಎನಾಮೆಲ್ ಎಂದೇ ಅನುಮಾನಿಸಿ. ಅರಗಿನ ಗೊಂಬೆಯನ್ನು ನೀರಲ್ಲಿ ನೆನೆಸಬಾರದು, ಬಿಸಿನೀರು ತಾಗಿಸಬಾರದು. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಬರಿ ನೀರಿನ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಎಲ್ಲದರ ಬಾಯಿಗೂ ಹೋಗುವ ಗಿಲಕಿಯನ್ನು ಮಗುವಿಗೊಂದರಂತೆ ಬೇರೆ ಇಡುವುದೇ ಸರಿ.

ಪ್ರಶ್ನೆ: ದೊಡ್ಡ ಮಕ್ಕಳಿಗೆ ಸಣ್ಣ ಸಾಮಾನು ಬೇಕು, ಚಿಕ್ಕವು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತವೆ. ಯಾವುದು 'ಸಣ್ಣದು' ಎಂದು ತೀರ್ಮಾನಿಸುವುದು ಹೇಗೆ? — ಶಿವಮೊಗ್ಗ

ಅಂದಾಜು ಬೇಡ, ಅಳತೆ ಇದೆ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಬಳಸುವ ಕೊಳವೆಯ ಒಳ ಅಗಲ 31.7 ಮಿ.ಮೀ. ಇದನ್ನು ಮನೆಯಲ್ಲೇ ಮಾಡಬಹುದು: ದಪ್ಪ ಚಾರ್ಟ್ ಕಾಗದದಲ್ಲಿ 11 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಒಂದು ಸೆಂ.ಮೀ. ಒಂದರ ಮೇಲೊಂದು ಬರುವಂತೆ ಸುತ್ತಿ ಅಂಟಿಸಿ. ಸುತ್ತಳತೆ 10 ಸೆಂ.ಮೀ. ಆದರೆ ಬಾಯಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಇದರೊಳಗೆ ಯಾವ ದಿಕ್ಕಿನಿಂದಾದರೂ ಪೂರ್ತಿ ಮುಳುಗುವ ವಸ್ತು ಚಿಕ್ಕವರ ಕೈಗೆ ಸಿಗುವ ಕಡೆ ಇರಬಾರದು. ನಮ್ಮ ಎಲ್ಲ ನಾಣ್ಯಗಳೂ ಮುಳುಗುತ್ತವೆ. ಚೆಂಡಿಗೆ, ಗುಂಡಗಿನ ಮಣಿಗೆ ಈ ಕೊಳವೆ ಸಾಲದು; ದುಂಡನೆ ವಸ್ತು ಗಂಟಲನ್ನು ಬಿರಡೆಯಂತೆ ಮುಚ್ಚುವುದರಿಂದ ಅಳತೆ ದೊಡ್ಡದು. 14 ಸೆಂ.ಮೀ. ಸುತ್ತಳತೆಯ ಇನ್ನೊಂದು ಕೊಳವೆ ಮಾಡಿ, ಅದರಲ್ಲಿ ತೂರುವ ಚೆಂಡು ಬೇಡ.

ಶಿವಮೊಗ್ಗದ ಕಡೆ ಅಳಗುಳಿಮಣೆ ಇನ್ನೂ ಮನೆ ಮನೆಯಲ್ಲಿದೆ. ಹುಣಸೆಬೀಜ, ಕವಡೆ, ಮಂಜೊಟ್ಟಿ ಎಲ್ಲವೂ ಕೊಳವೆಯಲ್ಲಿ ಮುಳುಗುವಂಥವೇ. ಗುಲಗಂಜಿಯ ವಿಷಯ ಬೇರೆಯೇ. ಅದು ವಿಷ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಹೋಗಬಹುದು, ಅಗಿದರೆ ಅಥವಾ ಸರಕ್ಕೆಂದು ತೂತು ಮಾಡಿದ ಕಾಳನ್ನು ನುಂಗಿದರೆ ಒಳಗಿನ ಅಬ್ರಿನ್ ಎಂಬ ವಿಷ ಮೈಗೆ ಸೇರುತ್ತದೆ. ಅದನ್ನು ಆಟಕ್ಕೂ ಅಲಂಕಾರಕ್ಕೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕುಂಡದ ಗಿಡಗಳಲ್ಲಿ ಮನಿಪ್ಲಾಂಟು, ಡೈಫೆನ್‌ಬೇಕಿಯಾ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕಣಗಿಲೆ ಹೃದಯಕ್ಕೇ ಕೆಟ್ಟದ್ದು.

ಬಟನ್ ಬ್ಯಾಟರಿಯನ್ನು ಎಲ್ಲಕ್ಕಿಂತ ಮೇಲಿಟ್ಟು ಹೇಳಬೇಕು. ಹಾಡುವ ಗೊಂಬೆ, ಮಿನುಗುವ ಚಪ್ಪಲಿ, ಚಿಕ್ಕ ರಿಮೋಟು, ಇವುಗಳಲ್ಲೆಲ್ಲ ಇರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಗೋಡೆ ಸುಡಲು ಶುರುವಾಗುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ. ಸ್ಕ್ರೂ ಹಾಕಿ ಮುಚ್ಚದ ಬ್ಯಾಟರಿ ಗೂಡಿನ ಆಟಿಕೆ ಒಳಗೆ ಬಿಡಬೇಡಿ.

ದೊಡ್ಡ ಮಕ್ಕಳ ಸಣ್ಣ ಸಾಮಾನನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನಾಲ್ಕೂವರೆ ಅಡಿ ಮೇಲಿಟ್ಟು, ಚಿಕ್ಕವು ಮಲಗಿದ ಹೊತ್ತಿನಲ್ಲಿ ಎತ್ತರದ ಮೇಜಿನ ಮೇಲೆ ಕೊಡಿ. ತೆಗೆಯುವಾಗ ಎಣಿಸಿ, ಇಡುವಾಗ ಎಣಿಸಿ. ಅಷ್ಟಾದರೂ ಗಂಟಲಿಗೆ ಸಿಕ್ಕಿ ಮಗುವಿಗೆ ಅಳಲೂ ಕೆಮ್ಮಲೂ ಆಗದಿದ್ದರೆ: ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಹೆಗಲೆಲುಬುಗಳ ನಡುವೆ ಐದು ಗುದ್ದು, ಮಗುಚಿ ಎದೆಯ ನಡುವೆ ಎರಡು ಬೆರಳಲ್ಲಿ ಐದು ಒತ್ತು. ವರ್ಷ ದಾಟಿದವರಿಗೆ ಬೆನ್ನಿಗೆ ಐದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಒಳಕ್ಕೂ ಮೇಲಕ್ಕೂ ಐದು ಒತ್ತು. ಹೊರಬರುವ ತನಕ ಇದೇ ಸರದಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ. ಓದಿ ಕಲಿಯುವ ವಿದ್ಯೆಯಲ್ಲ ಇದು, ಹತ್ತಿರದ ಆಸ್ಪತ್ರೆಯ ನರ್ಸ್ ಒಬ್ಬರಿಂದ ಗೊಂಬೆಯ ಮೇಲೆ ಮಾಡಿಸಿಕೊಂಡು ಕಲಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಆಟಿಕೆ ತೊಳೆದರೆ ಒಣಗುವುದಿಲ್ಲ, ಬಟ್ಟೆಗೊಂಬೆಗೆ ಬೂಷ್ಟು. ನುಸಿಗುಳಿಗೆ ಹಾಕಿಟ್ಟರೆ ಆದೀತೇ? — ಉಡುಪಿ

ನುಸಿಗುಳಿಗೆ ಖಂಡಿತ ಬೇಡ. ನೋಡಲು ಪೆಪ್ಪರ್‌ಮಿಂಟಿನ ಹಾಗಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳ ಮೈಗೆ ಅದರಲ್ಲಿರುವ ನಾಫ್ತಲೀನ್ ಸೇರಿದರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ, ಆ ಕೊರತೆ ಹೊರಗೆ ಕಾಣುವಂಥದಲ್ಲ. ಕರ್ಪೂರವೂ ಬೇಡ, ನುಂಗಿದರೆ ಫಿಟ್ಸ್ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೊಂಬೆಗಳನ್ನು ಮೂರರಿಂದ ಒಂದಕ್ಕೆ ಇಳಿಸಿ. ಹಿಂಡಿ ಫ್ಯಾನಿನಡಿ ಒಂದೇ ರಾತ್ರಿಯಲ್ಲಿ ಒಣಗುವಂಥದ್ದೇ ಇರಲಿ, ಒಳಗೆ ದಪ್ಪ ಹತ್ತಿ ತುಂಬಿದ್ದನ್ನು ಅಟ್ಟಕ್ಕೆ ಹಾಕಿ. ಅಡಿಯಲ್ಲಿ ತೂತಿರುವ ನೀರು ಚಿಮ್ಮುವ ರಬ್ಬರ್ ಬಾತುಕೋಳಿ ಒಳಗಿನಿಂದಲೇ ಕಪ್ಪಾಗುತ್ತದೆ. ಒಂದನ್ನು ಕೊಯ್ದು ನೋಡಿದರೆ ಮತ್ತೆ ಕೊಳ್ಳುವ ಮನಸ್ಸಾಗದು.

ಪ್ಲಾಸ್ಟಿಕ್ಕಿನವನ್ನು ಮೊದಲು ಸೋಪಿನಲ್ಲಿ ತೊಳೆಯಿರಿ. ಜೊಲ್ಲು, ಜಿಡ್ಡು ಇರುವಾಗ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಲೀಟರ್ ನೀರಿಗೆ 4 ಶೇಕಡಾ ಹೈಪೋಕ್ಲೋರೈಟ್ ದ್ರಾವಣ (ಇದೇ ದ್ರವ ಬ್ಲೀಚ್) 5 ಮಿ.ಲೀ. ಬೆರೆಸಿ ಐದು ನಿಮಿಷ ಮುಳುಗಿಸಿ, ತೊಳೆದು, ಗಾಳಿಗೆ ಇಡಿ. ವಾಂತಿ, ಭೇದಿ ಆದ ನೆಲಕ್ಕೆ ಇದೇ ದ್ರಾವಣ ಲೀಟರಿಗೆ 25 ಮಿ.ಲೀ., ಹತ್ತು ನಿಮಿಷ ಬಿಟ್ಟು ಒರೆಸಿ. ಅಂದಂದಿಗೆ ಬೆರೆಸಿಕೊಳ್ಳಿ, ಮಾರನೆಯ ದಿನಕ್ಕೆ ಶಕ್ತಿ ಇಳಿದಿರುತ್ತದೆ. ಟಾಯ್ಲೆಟ್ ಆ್ಯಸಿಡ್ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಂಬೆಗಾಲಿನ ಮಕ್ಕಳ ನೆಲಕ್ಕೆ ಫಿನಾಯಿಲ್ ಬೇಡ, ನಿತ್ಯಕ್ಕೆ ಸೋಪಿನ ನೀರೇ ಸಾಕು. ಬಾಯಿಗೆ ಹೋದ ಆಟಿಕೆಯನ್ನು ಕೂಡಲೇ ಎತ್ತಿ ಹಾಕಲು ಗೂಡಿನ ಮೇಲೊಂದು 'ಎಂಜಲು ಟಬ್ಬು' ಇಟ್ಟುಕೊಂಡರೆ ಸಂಜೆ ಅದಷ್ಟನ್ನೇ ತೊಳೆದರಾಯಿತು.

ಪ್ರಶ್ನೆ: ಇಬ್ಬರು ಎರಡು ವರ್ಷದವರು ದಿನಾ ಕಚ್ಚಾಡುತ್ತಾರೆ, ನಿಜವಾಗಿಯೂ ಹಲ್ಲು ಮೂಡುವಂತೆ. — ತುಮಕೂರು

ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಒಂದು ವಾರ ಬರೆದಿಡಿ. ಬಹಳ ಸಲ ಜಾಗ ಒಂದೇ ಇರುತ್ತದೆ: ಒಬ್ಬರು ಮಾತ್ರ ಹಿಡಿಸುವ ಮೂಲೆ, ಅಥವಾ ಕಟ್ಟಿದ ಗೋಪುರ ಬೀಳುವಂತೆ ಎಲ್ಲರೂ ಹಾದುಹೋಗುವ ದಾರಿ. ಮರದ ತುಂಡುಗಳನ್ನು ಬಾಗಿಲ ದಾರಿಯಿಂದ ಸರಿಸಿ, 4×5 ಅಡಿಯ ಜಮಖಾನದ ಅಂಚನ್ನೇ ಗಡಿ ಮಾಡಿ. ಗೋಡೆಯಿಂದ ಗೋಡೆಗೆ 10 ಅಡಿ ನೇರ ಖಾಲಿ ಬಿಟ್ಟರೆ ಅದು ಓಟದ ಮೈದಾನವೇ. ನಡುವೆ ಗೂಡು ಅಡ್ಡ ಇಟ್ಟು ಮುರಿಯಿರಿ. ಈ ವಯಸ್ಸಿಗೆ ಹಂಚಿಕೊಳ್ಳು ಎನ್ನುವುದು ಅರ್ಥವಾಗದ ಮಾತು. ಇಬ್ಬರಿಗೂ ಬೇಕಾದ ಆ ಕೆಂಪು ಗಾಡಿ ಇನ್ನೊಂದನ್ನು, ಅದೇ ಬಣ್ಣದ್ದನ್ನೇ, ತಂದುಬಿಡಿ. ನೀಲಿ ತಂದರೆ ಜಗಳ ಹಾಗೇ ಉಳಿಯುತ್ತದೆ. ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಹೆಚ್ಚುತ್ತಿದ್ದರೆ ಹಸಿವು, ಊಟವನ್ನೇ ಬೇಗ ಕೊಡಿ.

ಪ್ರಶ್ನೆ: ಪೋಷಕರೊಬ್ಬರು ವಾಕರ್ ಕೊಟ್ಟು ಕಳಿಸಿದ್ದಾರೆ. ಇನ್ನೊಬ್ಬರು ಆಟದ ಕೋಣೆಯಲ್ಲೇ ಸೀರೆಯ ಜೋಲಿ ಕಟ್ಟಿ ಎನ್ನುತ್ತಾರೆ. — ಹುಬ್ಬಳ್ಳಿ

ಎರಡಕ್ಕೂ ಇಲ್ಲ ಎನ್ನಿ. ಕೂತು ಉರುಳಿಸುವ ವಾಕರ್ ಮಾರಾಟವನ್ನು ಕೆನಡಾ 2004ರಲ್ಲೇ ನಿಷೇಧಿಸಿದೆ. ಹೊಸ್ತಿಲು, ಮೆಟ್ಟಿಲು ಎಡವಿ ತಲೆ ಕೆಳಗಾಗುತ್ತದೆ, ನಡಿಗೆಯನ್ನೂ ಬೇಗ ಕಲಿಸುವುದಿಲ್ಲ. ಬದಲಿಗೆ ಹಿಂದಿನಿಂದ ನಿಂತು ತಳ್ಳುವ ಮರದ ಗಾಡಿ ಕೊಡಿ, ಅದರ ತಟ್ಟೆಯಲ್ಲಿ ಎರಡು ಕೆ.ಜಿ. ಅಕ್ಕಿ ಚೀಲ ಕಟ್ಟಿ. ಭಾರವಿಲ್ಲದಿದ್ದರೆ ಮಗು ಹಿಡಿದು ಏಳುವಾಗ ಗಾಡಿಯೇ ಹಿಂದಕ್ಕೆ ಮಗುಚುತ್ತದೆ. ಜೋಲಿ ಬೇರೆ ಮಕ್ಕಳು ಆಡುವ ಕಡೆ ಇರಬಾರದು. ತೂಗಲು ಹೋಗಿ ಸೀರೆಯ ಮಡಿಕೆಗೆ ಕುತ್ತಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕೂಸು ಬೇರೆ ಕೋಣೆಯಲ್ಲಿ, ಗಟ್ಟಿ ಹಾಸಿಗೆಯ ಮೇಲೆ, ಅಂಗಾತ, ದಿಂಬಿಲ್ಲದೆ ಮಲಗಲಿ. ಬಾಗಿಲು ತೆರೆದಿರಲಿ.

ಪ್ರಶ್ನೆ: ಮರಳಾಟ, ಮಣ್ಣಾಟ ಮನೆಯೊಳಗೆ ಹೇಗೆ? ಎಂ-ಸ್ಯಾಂಡ್ ಉಳಿದಿದೆ. — ಹಾಸನ

ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು. ಕಾಳು ಚೂಪು, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆಟಕ್ಕಲ್ಲ. ಅಗಲದ ಟಬ್ಬಿನಲ್ಲಿ ಎರಡು ಕೆ.ಜಿ. ಹುರಿದ ದಪ್ಪ ರವೆ, ಎರಡು ಲೋಟ, ಒಂದು ಜರಡಿ, ಒಂದು ಆಲಿಕೆ ಕೊಡಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿದರೆ ಚೆಲ್ಲಿದ್ದನ್ನು ನಾಲ್ಕು ಮೂಲೆ ಹಿಡಿದು ಮತ್ತೆ ಸುರಿಯಬಹುದು. ಒಂದು ಟಬ್ಬಿಗೆ ಮೂವರು. ವಾರಕ್ಕೆ ಹುಳ ಬೀಳುತ್ತದೆ, ಆಗ ಹಕ್ಕಿಗೆ. ಕಡಲೆ, ಹೆಸರು, ರಾಜ್ಮಾ ಕಾಳು ಮೂರು ವರ್ಷದೊಳಗಿನವರ ಟಬ್ಬಿಗೆ ಬೇಡ; ಮೂಗಿಗೆ ತುರುಕಿಕೊಂಡ ಕಾಳು ತೇವಕ್ಕೆ ಊದಿಕೊಂಡು ತೆಗೆಯುವುದು ಕಷ್ಟವಾಗುತ್ತದೆ.

ಮಣ್ಣಿಗೆ ಬದಲು ಹಿಟ್ಟು: ಮೈದಾ ಎರಡು ಲೋಟ, ಪುಡಿ ಉಪ್ಪು ಅರ್ಧ ಲೋಟ, ಎಣ್ಣೆ ಎರಡು ಚಮಚ, ನೀರು ಮುಕ್ಕಾಲು ಲೋಟದೊಳಗೆ, ಸ್ವಲ್ಪ ಸ್ವಲ್ಪವೇ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು. ಕೈಗೆ ಅಂಟಿದರೆ ನೀರು ಹೆಚ್ಚಾಗಿದೆ, ಬಿರಿದರೆ ಎಣ್ಣೆ ಸಾಲದು. ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ರಸ. ಅರಿಶಿನ ಹಾಕಿದರೆ ಸಂಜೆ ಅಮ್ಮಂದಿರ ಹತ್ತಿರ ಬಿಳಿ ಅಂಗಿಯ ಲೆಕ್ಕ ಕೊಡಬೇಕಾದೀತು. ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ನಾಲ್ಕೈದು ದಿನ ಬರುತ್ತದೆ. ಕಿತ್ತು ತಿನ್ನುವ ವಯಸ್ಸಿನವರಿಗೆ ಇದು ಕೊಡಬೇಡಿ, ಇಷ್ಟು ಉಪ್ಪು ಹೊಟ್ಟೆಗೆ ಹೋಗಬಾರದು. ಅವರಿಗೆ ಉಪ್ಪಿಲ್ಲದ ಚಪಾತಿ ಹಿಟ್ಟಿನ ಮುದ್ದೆ, ಆಟ ಮುಗಿದ ಕೂಡಲೇ ಕಸಕ್ಕೆ.